ಸ್ನೇರ್ ಸದ್ದೇ ಆಲ್ಬಮ್‌ನ ಜಾತಕ: ‘ನೆವರ್‌ಮೈಂಡ್’ಗಿಂತ ‘ಇನ್ ಯುಟೆರೊ’ ಮೇಲು ಅನ್ನೋಕೆ ನನ್ನ ಕಾರಣ

ಕೋಣೆಮೈಕ್:
ರಾಕ್ ಆಲ್ಬಮ್ ಹೇಗಿದೆ ಅಂತ ತಿಳ್ಕೊಳ್ಳೋಕೆ ಹಾಡುಗಾರನ ದನಿ ಬೇಡ, ಗಿಟಾರ್ ಬೇಡ, ಸ್ನೇರ್ ಡ್ರಮ್ (ಡ್ರಮ್ ಸೆಟ್‌ನಲ್ಲಿ ‘ಟಪ್’ ಅಂತ ಸಿಡಿಯೋ ಡ್ರಮ್) ಒಂದನ್ನೇ ಕೇಳಿ ಸಾಕು ಅನ್ನೋದು ನನ್ನ ವಾದ. ಏಟು ಬಿದ್ದ ಮೇಲೆ ಸದ್ದು ಎಷ್ಟು ಹೊತ್ತು ಉಳಿಯತ್ತೆ? ಆ ಉಳಿಕೆ ಕೋಣೆಯದೋ, ಯಂತ್ರದ್ದೋ? ಗಿಟಾರ್ ಜೋರಾದಾಗ ಡ್ರಮ್ ಹಿಂದಕ್ಕೆ ಸರಿಯತ್ತೋ, ನಿಂತಲ್ಲೇ ನಿಲ್ಲತ್ತೋ? ಇಷ್ಟು ಗೊತ್ತಾದ್ರೆ ಆಲ್ಬಮ್ ಮಾಡಿದವರ ಮನಸ್ಸು ಗೊತ್ತಾದ ಹಾಗೆ.

ನಿರ್ವಾಣಾ ಬ್ಯಾಂಡ್‌ನ ಎರಡು ಆಲ್ಬಮ್ ಇದಕ್ಕೆ ಒಳ್ಳೇ ಪರೀಕ್ಷೆ, ಯಾಕಂದ್ರೆ ಒಂದು ಹಾಡು ಬಿಟ್ಟರೆ ಬಾರಿಸಿದವನು ಒಬ್ಬನೇ, ಡೇವ್ ಗ್ರೋಲ್. ‘ನೆವರ್‌ಮೈಂಡ್’ 1991ರ ಮೇ ತಿಂಗಳಲ್ಲಿ ವ್ಯಾನ್ ನೈಸ್‌ನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ ನಿರ್ಮಾಪಕ ಬುಚ್ ವಿಗ್ ಕೈಲಿ ರೆಕಾರ್ಡ್ ಆಯ್ತು. ದೊಡ್ಡ ಕೋಣೆ, ನೀವ್ 8028 ಕನ್ಸೋಲ್ (ಎಲ್ಲ ಮೈಕ್‌ಗಳ ಸದ್ದು ಬಂದು ಸೇರೋ ಮೇಜು). ಆದರೆ ಮಿಕ್ಸ್ (ಬೇರೆ ಬೇರೆ ಟ್ರ್ಯಾಕ್‌ಗಳನ್ನ ಹದವಾಗಿ ಬೆರೆಸೋ ಕೆಲಸ) ಮಾಡಿದ್ದು ಆಂಡಿ ವಾಲೇಸ್. ಅವನು ಡ್ರಮ್ ಏಟುಗಳಿಂದ ಸ್ಯಾಂಪಲ್ (ಮೊದಲೇ ಹಿಡಿದಿಟ್ಟ ಸದ್ದಿನ ತುಣುಕು) ಟ್ರಿಗರ್ ಮಾಡಿ, ಅದನ್ನ ರಿವರ್ಬ್‌ಗೆ (ಕೋಣೆಯ ಪ್ರತಿಧ್ವನಿ ಹುಟ್ಟಿಸೋ ಯಂತ್ರಕ್ಕೆ) ಕಳಿಸಿ, ಕೋಣೆ ಇನ್ನೂ ದೊಡ್ಡದಿದೆ ಅನ್ನೋ ಭ್ರಮೆ ಹುಟ್ಟಿಸಿದ. ಎಣ್ಣೆ ಹಚ್ಚಿ ತಲೆ ಬಾಚಿ ಶಾಲೆಗೆ ಕಳಿಸಿದ ಹುಡುಗನ ಹಾಗೆ: ಚೆಂದ ಇದ್ದಾನೆ, ಆದರೆ ಮನೆಯಲ್ಲಿ ಹೀಗಿರಲ್ಲ. ಇದು ಪಂಕ್ ರೆಕಾರ್ಡ್‌ಗಿಂತ ಥಳುಕಿನ ಮೆಟಲ್ ಬ್ಯಾಂಡ್ ಮಾಟ್ಲಿ ಕ್ರೂ ರೆಕಾರ್ಡ್‌ಗೆ ಹತ್ತಿರ ಅಂತ ನಿರ್ವಾಣಾದ ಹಾಡುಗಾರ ಕರ್ಟ್ ಕೊಬೇನ್ ಆಮೇಲೆ ಗೊಣಗಿದ್ದು ಸುಮ್ಮನೆ ಅಲ್ಲ.

‘ಇನ್ ಯುಟೆರೊ’ 1993ರ ಫೆಬ್ರವರಿಯದು. ಮಿನೆಸೋಟಾದ ಕ್ಯಾನನ್ ಫಾಲ್ಸ್ ಹತ್ತಿರದ ಪ್ಯಾಕಿಡರ್ಮ್ ಸ್ಟುಡಿಯೋ, ರೆಕಾರ್ಡ್ ಮಾಡಿದ್ದು ಸ್ಟೀವ್ ಆಲ್ಬಿನಿ, ಎರಡು ವಾರ. ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಡೋ ಹಾಗೆ ಕೆಲಸಕ್ಕೆ ಕೂಲಿ ಕೊಡಿ ಅಂತ ಒಂದು ಲಕ್ಷ ಡಾಲರ್ ಮಾತ್ರ ತಗೊಂಡ. ಡ್ರಮ್ ಹತ್ತಿರದ ಮೈಕ್‌ಗಳ ಜೊತೆ ಕೋಣೆಯ ಸದ್ದು ಹಿಡಿಯೋ ಮೈಕ್‌ಗಳಿಗೂ ಅಷ್ಟೇ ಮರ್ಯಾದೆ. ‘ಸೆಂಟ್‌ಲೆಸ್ ಅಪ್ರೆಂಟಿಸ್’ ಶುರುವಾಗೋದೇ ಬರೀ ಡ್ರಮ್‌ನಿಂದ. ಆ ಮೊದಲ ಕೆಲವು ಸೆಕೆಂಡು ಹೆಡ್‌ಫೋನ್‌ನಲ್ಲಿ ಕೇಳಿ, ಗೋಡೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗತ್ತೆ.

ಒಂದು ಎಚ್ಚರಿಕೆ. ಆಲ್ಬಮ್‌ನ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಆಲ್ಬಿನಿ ಮಿಕ್ಸ್ ಅಲ್ಲ, ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದ್ದು. ಈ ಎರಡರಲ್ಲಿ ದನಿ ಮುಂದೆ, ಡ್ರಮ್ ಒಂದು ಹೆಜ್ಜೆ ಹಿಂದೆ. ಇವನ್ನೇ ಕೇಳಿ ಆಲ್ಬಿನಿ ಬಗ್ಗೆ ತೀರ್ಪು ಕೊಡಬೇಡಿ. 2013ರ ಇಪ್ಪತ್ತನೇ ವರ್ಷದ ಆವೃತ್ತಿಯಲ್ಲಿ ಈ ಎರಡು ಹಾಡಿನ ಆಲ್ಬಿನಿ ಮೂಲ ಮಿಕ್ಸ್ ಇದೆ. ಇಡೀ ಆಲ್ಬಮ್‌ಗೆ ಆತನೇ ಮಾಡಿದ 2013ರ ಹೊಸ ಮಿಕ್ಸ್ ಕೂಡ ಇದೆ.

ಇದೇ ಅಳತೆಯಲ್ಲಿ ನನ್ನ ಮೇಲಿನ ಸಾಲು: ಪಿಕ್ಸೀಸ್‌ನ ‘ಸರ್ಫರ್ ರೋಸಾ’, ಪಿಜೆ ಹಾರ್ವಿಯ ‘ರಿಡ್ ಆಫ್ ಮಿ’, ‘ಇನ್ ಯುಟೆರೊ’. ಮೂರೂ ಆಲ್ಬಿನಿಯದೇ, ಪಕ್ಷಪಾತ ಅಂದ್ಕೊಳ್ಳಿ ಬೇಕಾದ್ರೆ. ‘ರಿಡ್ ಆಫ್ ಮಿ’ ಕೂಡ ಅದೇ ಪ್ಯಾಕಿಡರ್ಮ್‌ನಲ್ಲಿ, ‘ಇನ್ ಯುಟೆರೊ’ಗೆ ಎರಡು ತಿಂಗಳ ಮುಂಚೆ, 1992ರ ಡಿಸೆಂಬರ್‌ನಲ್ಲಿ ಆದದ್ದು. ಮೊದಲ ಹಾಡು ಪಿಸುಗುಟ್ಟಿ ಶುರುವಾಗತ್ತೆ, ಎಲ್ಲರೂ ವಾಲ್ಯೂಮ್ ಏರಿಸ್ತಾರೆ, ಆಮೇಲೆ ಕಿವಿ ಹಿಡ್ಕೊಂಡು ಕೂರ್ತಾರೆ. ಜೋರು ಭಾಗಕ್ಕೆ ವಾಲ್ಯೂಮ್ ಹೊಂದಿಸಿ ಮೊದಲಿಂದ ಹಾಕಿ. ಆ ಪಿಸುಮಾತು ಕೇಳಿಸೀ ಕೇಳಿಸದ ಹಾಗೆ ಇರಬೇಕು ಅಂತಲೇ ಇಟ್ಟದ್ದು.

ಕೆಳಗಿನ ಸಾಲು: ಪರ್ಲ್ ಜ್ಯಾಮ್‌ನ ‘ಟೆನ್’, 1991ರ ಮೂಲ ಮಿಕ್ಸ್. ಹಾಡುಗಳಿಗೆ ಏನೂ ಅನ್ನಲ್ಲ. ಡ್ರಮ್ ಮಾತ್ರ ಬಾವಿಯೊಳಗೆ ಕೊಡ ಬಿದ್ದ ಹಾಗೆ.

ಫಝ್‌ಪೆಟ್ಟಿಗೆ:
ಸ್ನೇರ್ ಒಂದೇ ಅಳತೆ ಅಂದ್ರೆ ಸ್ಮ್ಯಾಶಿಂಗ್ ಪಂಪ್ಕಿನ್ಸ್ ಬ್ಯಾಂಡ್‌ನ ‘ಸಯಾಮೀಸ್ ಡ್ರೀಮ್’ನ ಎಲ್ಲಿಡ್ತೀರಾ ಗುರುಗಳೇ? ಅದೇ ಬುಚ್ ವಿಗ್, ಜಾರ್ಜಿಯಾದ ಮೇರಿಯೆಟ್ಟಾದ ಟ್ರೈಕ್ಲಾಪ್ಸ್ ಸ್ಟುಡಿಯೋ, 1993ರ ಜುಲೈನಲ್ಲಿ ಬಿಡುಗಡೆ. ‘ಚೆರಬ್ ರಾಕ್’ ತೆರೆಯೋದೇ ಜಿಮ್ಮಿ ಚೇಂಬರ್ಲಿನ್‌ನ ಸ್ನೇರ್ ಉರುಳಿನಿಂದ. ನಿಮ್ಮ ಲೆಕ್ಕದಲ್ಲೂ ಪಾಸ್ ಆಗತ್ತೆ. ಆದರೆ ಆ ಆಲ್ಬಮ್ ದೊಡ್ಡದಾಗಿದ್ದು ಡ್ರಮ್‌ನಿಂದ ಅಲ್ಲ, ಗಿಟಾರ್ ಪದರಗಳಿಂದ. ‘ಸೋಮ’ ಹಾಡೊಂದರಲ್ಲೇ ಸುಮಾರು 40 ಗಿಟಾರ್ ಭಾಗಗಳಿವೆ. ಎಲ್ಲ ಟೇಪ್ ಮೇಲೆ, ಕೈಯಲ್ಲಿ ಮತ್ತೆ ಮತ್ತೆ ನುಡಿಸಿದ್ದು.

ಆ ಬ್ಯಾಂಡ್‌ನ ಗಿಟಾರಿಸ್ಟ್ ಬಿಲ್ಲಿ ಕಾರ್ಗನ್‌ನ ಫಝ್ (ಗಿಟಾರ್ ಸದ್ದನ್ನ ಒಡೆದು ಒರಟು ಮಾಡೋ ಪೆಡಲ್) 70ರ ದಶಕದ ಕೊನೆಯ ಆಪ್-ಆಂಪ್ ಬಿಗ್ ಮಫ್. ಬೇರೆ ಬಿಗ್ ಮಫ್‌ಗಳಲ್ಲಿ ಟ್ರಾನ್ಸಿಸ್ಟರ್, ಇದರಲ್ಲಿ ಐಸಿ ಚಿಪ್. ಸದ್ದು ಒರಟು, ಅಂಚು ಹರಿತ. 2017ರಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್ ಚಿಕ್ಕ ಡಬ್ಬಿಯಲ್ಲಿ ಮತ್ತೆ ತಂದಿದೆ, ಹಳೇದಕ್ಕೆ ದುಡ್ಡು ಸುರಿಯೋ ಅಗತ್ಯ ಇಲ್ಲ.

ಇದನ್ನ ಮನೇಲಿ ಮಾಡೋಕೆ ಹೋದವರು ಹತ್ತಕ್ಕೆ ಒಂಬತ್ತು ಜನ ಒಂದೇ ತಪ್ಪು ಮಾಡ್ತಾರೆ: ಒಂದು ಸಲ ನುಡಿಸಿ, ಟ್ರ್ಯಾಕ್ ಕಾಪಿ ಮಾಡಿ, ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ತಳ್ಳಿ, 10 ಮಿಲಿಸೆಕೆಂಡ್ ತಡ ಕೊಡೋದು. ಅದು ಎರಡು ಗಿಟಾರ್ ಆಗಲ್ಲ. ಸ್ಟೀರಿಯೋದಲ್ಲಿ ಅಗಲ ಅನ್ಸತ್ತೆ, ಮೊಬೈಲ್ ಸ್ಪೀಕರ್‌ನಲ್ಲಿ ಎಡಬಲ ಸೇರಿದ ತಕ್ಷಣ ಕೆಲವು ಸ್ವರಸ್ಥಾನ ಒಂದನ್ನೊಂದು ಕೊಂದು ಪೈಪಿನೊಳಗಿಂದ ಬಂದ ಹಾಗಾಗತ್ತೆ. ಎರಡು ಸಲ ನಿಜವಾಗಿ ನುಡಿಸಬೇಕು. ಕೈಯ ಸಣ್ಣ ಹೆಚ್ಚುಕಮ್ಮಿಯೇ ಆ ದಪ್ಪ.

ಎರಡನೇ ತಪ್ಪು ಗೇನ್, ಅಂದ್ರೆ ಸದ್ದು ಒಡೆಯೋ ಪ್ರಮಾಣ (ಬಿಗ್ ಮಫ್‌ನಲ್ಲಿ ಅದರ ಗುಂಡಿಯ ಹೆಸರು ಸಸ್ಟೇನ್). ಒಂಟಿ ಗಿಟಾರ್‌ಗೆ ಚೆನ್ನಾಗಿ ಕೇಳೋ ಸಸ್ಟೇನ್ ಮಟ್ಟವನ್ನ ಆರು ಪದರಕ್ಕೂ ಇಟ್ರೆ ಕೊನೆಗೆ ಮಿಕ್ಸಿಯ ಸದ್ದು. ಪದರ ಹೆಚ್ಚಿದಷ್ಟೂ ಪ್ರತಿ ಪದರದ ಗೇನ್ ಇಳೀಬೇಕು. ನಾನು ಹೇಳೋ ಅಳತೆ: ಮೊದಲ ಜೋಡಿ ಪೂರ್ತಿ ಎಡ, ಪೂರ್ತಿ ಬಲ, ಸಸ್ಟೇನ್ ಅರ್ಧದಷ್ಟು. ಎರಡನೇ ಜೋಡಿ ಬೇರೆ ಪಿಕಪ್‌ನಲ್ಲಿ, 60 ಶೇಕಡಾ ಅಗಲಕ್ಕೆ, ಸಸ್ಟೇನ್ ಕಾಲುಭಾಗ. ಆಕ್ಟೇವ್ ಸಾಲು ನಡುವೆ, 6ರಿಂದ 8 ಡೆಸಿಬೆಲ್ ಕೆಳಗೆ. ಎಲ್ಲದಕ್ಕೂ 90 ಹರ್ಟ್ಸ್ ಕೆಳಗಿನದನ್ನ ಕತ್ತರಿಸಿ, ಆ ಜಾಗ ಬೇಸ್‌ಗೆ ಬಿಡಿ. ಬಿಗ್ ಮಫ್ ನಡು ಸ್ವರಗಳನ್ನ ತಿಂದುಹಾಕತ್ತೆ. ಹಾಗಾಗಿ ಫಝ್ ಆದ ಮೇಲೆ ಈಕ್ಯೂನಲ್ಲಿ (ಕೆಳಗಿನ, ನಡು, ಮೇಲಿನ ಸ್ವರ ಬೇರೆ ಬೇರೆ ಏರಿಸಿ ಇಳಿಸೋ ಸಾಧನ) 800 ಹರ್ಟ್ಸ್ ಆಸುಪಾಸು 3 ಡೆಸಿಬೆಲ್ ಏರಿಸದಿದ್ದರೆ ಡ್ರಮ್ ಬಂದ ಕೂಡಲೇ ಗಿಟಾರ್ ಮಾಯ.

ಪೇಡಾನಗರಿ:
ನಮಸ್ಕಾರ್ರೀ ಎಲ್ಲಾರಿಗೂ. ಮಾತು ಭಾಳ ಛಲೋ ನಡದೈತಿ, ಆದ್ರ ಒಂದು ತಿಳೀವಲ್ದು. ‘ನೆವರ್‌ಮೈಂಡ್’ ಅಂದ್ರ ಯಾವ್ ‘ನೆವರ್‌ಮೈಂಡ್’ರೀ? ಹಳೇ ಸಿಡಿ ಐತಿ, 2011ರದ್ದು ಐತಿ, ಫೋನಿನ್ಯಾಗ ಬರೋದು ಮತ್ತೊಂದು. ಒಂದಕ್ಕೊಂದು ಹೊಂದಂಗಿಲ್ಲ. ಹೊಸಾದು ಹಾಕಿದ ಕೂಡ್ಲೆ ಛಲೋ ಅನಸ್ತೈತಿ, ನಾಕ್ ಹಾಡಿಗೆ ತಲಿ ಹಿಡಿತೈತಿ. ಯಾಕಂತ?

ಟೇಪ್‌ಡೆಕ್ಕು:
ತಲೆ ಹಿಡಿಯೋಕೆ ಕಾರಣ ಮಾಸ್ಟರಿಂಗ್‌ನಲ್ಲಿ (ಮಿಕ್ಸ್ ಆದ ಮೇಲೆ ಬಿಡುಗಡೆಗೆ ಅಣಿ ಮಾಡೋ ಕೊನೆ ಹಂತ) ಸ್ನೇರ್‌ನ ತುದಿ ಕತ್ತರಿಸಿರೋದು. ಹಾಡಿನ ಸರಾಸರಿ ಜೋರು ಏರಿಸಬೇಕಾದ್ರೆ ಅತಿ ಎತ್ತರದ ತುದಿಗಳನ್ನ ಲಿಮಿಟರ್ ಹಾಕಿ ಒತ್ತಬೇಕು, ಆ ತುದಿಗಳು ಬಹುಪಾಲು ಡ್ರಮ್‌ನವೇ. 1991ರ ಸಿಡಿಯಲ್ಲಿ ಏಟು ಬಿದ್ದಾಗ ಅಲೆ ಮೇಲಕ್ಕೆ ಚಿಮ್ಮತ್ತೆ. 2011ರದರಲ್ಲಿ ಅಷ್ಟು ಚಿಮ್ಮೋಕೆ ಜಾಗವೇ ಬಿಟ್ಟಿಲ್ಲ. ಏರಿಳಿತ ಇಲ್ಲದೆ ಕಿವಿಗೆ ಬಿಡುವು ಸಿಗಲ್ಲ. ಮೊದಲಿಗೆ ಚೆನ್ನಾಗಿ ಅನ್ಸೋದು ಬರೀ ಜೋರಿನ ಮೋಸ. ಒಂದೇ ಸದ್ದನ್ನ ಒಂದು ಡೆಸಿಬೆಲ್ ಏರಿಸಿ ಕೊಟ್ರೂ ‘ಇದು ಚೆನ್ನಾಗಿದೆ’ ಅಂತಾರೆ ಜನ.

ಹೋಲಿಸೋ ರೀತಿ ಹೀಗೆ. ಅಡಾಸಿಟಿ (ಸದ್ದು ತಿದ್ದೋ ಸಾಫ್ಟ್‌ವೇರ್) ತೆರೆದು ಎರಡೂ ಆವೃತ್ತಿ ಎರಡು ಟ್ರ್ಯಾಕ್‌ಗೆ ಹಾಕಿ. ಎರಡನ್ನೂ ಆಯ್ದು ಲೌಡ್‌ನೆಸ್ ನಾರ್ಮಲೈಸೇಷನ್ ಕೊಟ್ಟು ಮೈನಸ್ 20 ಎಲ್‌ಯುಎಫ್‌ಎಸ್‌ಗೆ (ಸರಾಸರಿ ಜೋರಿನ ಅಳತೆ) ತನ್ನಿ. ಮೈನಸ್ 14 ಇಡಬೇಡಿ, ಹಳೇ ಸಿಡಿಯ ತುದಿಗಳು ಸೊನ್ನೆ ದಾಟಿ ಕ್ಲಿಪ್ ಆಗತ್ತೆ (ತುದಿ ತುಂಡಾಗಿ ಸದ್ದು ಒಡೆಯತ್ತೆ), ಆಮೇಲೆ ಹಳೇದೇ ಕೆಟ್ಟದು ಅಂತ ತಪ್ಪು ತೀರ್ಮಾನಕ್ಕೆ ಬರ್ತೀರಿ. ಮೊದಲ ಸ್ನೇರ್ ಏಟನ್ನ ಒಂದರ ಕೆಳಗೊಂದು ಬರೋ ಹಾಗೆ ಜರುಗಿಸಿ. ಈಗ ಒಂದೊಂದನ್ನೇ ಸೋಲೋ ಮಾಡುತ್ತಾ ಅದಲು ಬದಲು ಕೇಳಿ. ಜೋರು ಒಂದೇ ಆಗಿರೋದ್ರಿಂದ ಉಳಿಯೋದು ನಿಜವಾದ ವ್ಯತ್ಯಾಸ ಮಾತ್ರ.

ಫೋನಲ್ಲಿ ಕೇಳೋರು ಆಪ್‌ನಲ್ಲಿ ನಾರ್ಮಲೈಸೇಷನ್ ಆನ್ ಇಡಿ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ ತರತ್ತೆ. ಜೋರು ಮಾಸ್ಟರ್ ತಾನಾಗಿ ಇಳಿಯತ್ತೆ, ಅದರ ಚಪ್ಪಟೆತನ ಬಯಲಾಗತ್ತೆ.

ರೆಡ್ ಹಾಟ್ ಚಿಲಿ ಪೆಪರ್ಸ್‌ನ 1999ರ ‘ಕ್ಯಾಲಿಫೋರ್ನಿಕೇಶನ್’ಗೆ ಈ ಪರೀಕ್ಷೆಯೂ ಬೇಡ. ಅದರ ಸಿಡಿಯಲ್ಲಿ ಕ್ಲಿಪ್ಪಿಂಗ್ ಬರೀ ಕಿವಿಗೇ ಸಿಗತ್ತೆ. ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಇನ್ನೂ ಮಜಾ: ಸಿಡಿಗಿಂತ ಗಿಟಾರ್ ಹೀರೋ ಆಟದೊಳಗಿನ ಆವೃತ್ತಿಯಲ್ಲೇ ಏರಿಳಿತ ಹೆಚ್ಚು.

ಕೋಣೆಮೈಕ್ ಅವರಿಗೆ ಎರಡು ಮಾತು. ಒಂದು: ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ‘ಟೆನ್’ ಬಗ್ಗೆ ದೂರಿದ್ರಲ್ಲ, 2009ರಲ್ಲಿ ಬ್ರೆಂಡನ್ ಓಬ್ರಯನ್ ಮೂಲ ಟೇಪ್‌ನಿಂದ ಹೊಸದಾಗಿ ಮಿಕ್ಸ್ ಮಾಡಿದ ‘ಟೆನ್ ರೀಡಕ್ಸ್’ ಇದೆ. ರಿವರ್ಬ್ ಹೋಗಿದೆ, ಡ್ರಮ್ ಎದುರಿಗೆ ಬಂದು ಕೂತಿದೆ. ಎರಡು: ‘ನೆವರ್‌ಮೈಂಡ್’ ವಿಷಯದಲ್ಲಿ ವಾಲೇಸ್‌ನನ್ನ ಬೈಯೋ ಮೊದಲು 2011ರ ಸೂಪರ್ ಡಿಲಕ್ಸ್‌ನಲ್ಲಿರೋ ಡೆವನ್‌ಶೈರ್ ಮಿಕ್ಸ್‌ಗಳನ್ನ ಕೇಳಿ. ಅದು ಬುಚ್ ವಿಗ್ ಸ್ವತಃ ಮಾಡಿದ್ದು. ಒಣಕಲು, ಪ್ರಾಮಾಣಿಕ, ನನಗಂತೂ ಸಪ್ಪೆ. ಆ ಹಾಡುಗಳಿಗೆ ವಾಲೇಸ್ ಹಾಕಿದ ಒಗ್ಗರಣೆ ಬೇಕಿತ್ತು.

ಕೋಣೆಮೈಕ್:
‘ಟೆನ್ ರೀಡಕ್ಸ್’ ಒಪ್ಪಿದೆ, ಅದರಲ್ಲಿ ಡ್ರಮ್ ಮನುಷ್ಯ ಬಾರಿಸಿದ ಹಾಗಿದೆ. ಮೂಲ ಮಿಕ್ಸ್ ಪರವಾಗಿ ಒಂದೇ ಒಂದು ಮಾತು: ‘ಓಶನ್ಸ್’ ಹಾಡಿಗೆ ಆ ಮಿಕ್ಸ್ ಮಾಡಿದ ಟಿಮ್ ಪಾಮರ್ ಮೆಣಸಿನ ಪುಡಿ ಡಬ್ಬಿಯನ್ನೂ ಬೆಂಕಿ ಆರಿಸೋ ಸಿಲಿಂಡರನ್ನೂ ತಾಳವಾದ್ಯ ಮಾಡಿಕೊಂಡ. ಆ ಧೈರ್ಯಕ್ಕೆ ನಮಸ್ಕಾರ.

ಡೆವನ್‌ಶೈರ್ ಮಿಕ್ಸ್ ಸಪ್ಪೆ ಅನ್ನೋದನ್ನ ಒಪ್ಪಲ್ಲ. ‘ನೆವರ್‌ಮೈಂಡ್’ ಒಳಗೇ ನನ್ನ ವಾದಕ್ಕೆ ಸಾಕ್ಷಿ ಇದೆ. ‘ಪಾಲಿ’ ಹಾಡು ಸೌಂಡ್ ಸಿಟಿಯದೇ ಅಲ್ಲ. 1990ರ ಏಪ್ರಿಲ್‌ನಲ್ಲಿ ಮ್ಯಾಡಿಸನ್‌ನ ಸ್ಮಾರ್ಟ್ ಸ್ಟುಡಿಯೋಸ್‌ನಲ್ಲಿ ಆದ ರೆಕಾರ್ಡಿಂಗ್, ಸಿಂಬಲ್ ತಟ್ಟಿದ್ದು ಹಿಂದಿನ ಡ್ರಮ್ಮರ್ ಚ್ಯಾಡ್ ಚ್ಯಾನಿಂಗ್. ಇಡೀ ಹಾಡಿಗೆ ಆ ಕೆಲವೇ ಏಟು. ಅಷ್ಟೇ ಸಾಕಾಯ್ತಲ್ಲ? ಇನ್ನು ‘ಲಿಥಿಯಂ’: ಲಯ ಓಡಿಹೋಗ್ತಿತ್ತು ಅಂತ ಗ್ರೋಲ್‌ಗೆ ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಟಿಕ್ ಟಿಕ್ ಅಂತ ಲಯ ಹೇಳೋದು) ಕೊಟ್ರು. ಅದೇ ಹಾಡು ಕೂಡಿಬರದ ಸಿಟ್ಟಿನಲ್ಲಿ ಬಾರಿಸಿದ ಗಲಾಟೆಯೇ ‘ಎಂಡ್‌ಲೆಸ್, ನೇಮ್‌ಲೆಸ್’. ಸಿಡಿಯಲ್ಲಿ ಕೊನೆ ಹಾಡಾದ ಮೇಲೆ ಸುಮಾರು ಹತ್ತು ನಿಮಿಷ ಮೌನ, ಆಮೇಲೆ ಅದು. ಮೊದಲ ಸುತ್ತಿನ ಸಿಡಿಗಳಲ್ಲಿ ತಪ್ಪಿ ಬಿಟ್ಟುಹೋಗಿತ್ತು, ಹಾಗಾಗಿ ಹಳೇ ಸಿಡಿ ಕೊಂಡು ‘ಕೊನೆ ಹಾಡು ಇಲ್ಲ, ಡೂಪ್ಲಿಕೇಟ್’ ಅಂತ ಅಂಗಡಿಯವನ ಜೊತೆ ಜಗಳ ಆಡಬೇಡಿ.

ಕಡಲಬದಿ:
ನೀವು ಎಷ್ಟು ಹೇಳಿದರೂ ಸ್ನೇರ್ ಅಳತೆ ‘ಲವ್‌ಲೆಸ್’ ಹತ್ತಿರ ಬಂದು ಮುರಿದು ಬೀಳ್ತದೆ ಮಾರಾಯ್ರೇ. ಮೈ ಬ್ಲಡಿ ವ್ಯಾಲೆಂಟೈನ್, 1991ರ ನವೆಂಬರ್. ಡ್ರಮ್ಮರ್ ಕಾಲಮ್ ಓ ಕೀಸೋಗ್‌ಗೆ ಆ ಸಮಯ ಆರೋಗ್ಯ ಸರಿ ಇರಲಿಲ್ಲ. ಅವನು ಬಾರಿಸಿದ್ದನ್ನು ಸ್ಯಾಂಪಲ್ ಮಾಡಿ ಲೂಪ್ ಕಟ್ಟಿ ಹೆಚ್ಚಿನ ಹಾಡು ಮಾಡಿದ್ದು. ಡ್ರಮ್ ಹಿಂದೆ ಎಲ್ಲೋ ಉಂಟು, ಕೋಣೆ ಇಲ್ಲ, ಏರಿಳಿತ ಇಲ್ಲ. ಆದರೂ ಆ ದಶಕದ ಗಿಟಾರ್ ಆಲ್ಬಮ್‌ಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ.

ಫಝ್‌ಪೆಟ್ಟಿಗೆಯವರಿಗೂ ಒಂದು ತಕರಾರು. ದಪ್ಪ ಬೇಕಾದರೆ ಪದರ ಬೇಕು ಅಂದಿರಿ. ಈ ಬ್ಯಾಂಡ್‌ನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಹೇಳುವುದೇ ಬೇರೆ: ಜನ ಅಂದುಕೊಂಡ ಹಾಗೆ ನೂರಾರು ಗಿಟಾರ್ ಇಲ್ಲ, ಇರುವುದು ಕೆಲವೇ ಟ್ರ್ಯಾಕ್, ಕೋರಸ್ ಫ್ಲ್ಯಾಂಜರ್ ಯಾವುದೂ ಇಲ್ಲ. ಕೆಲಸ ಎಲ್ಲ ಟ್ರೆಮೊಲೊ ಆರ್ಮ್‌ನಲ್ಲಿ (ಬ್ರಿಡ್ಜ್ ಬಳಿಯ ಹಿಡಿಕೆ, ಒತ್ತಿದರೆ ಶ್ರುತಿ ಇಳಿಯುತ್ತದೆ). ಫೆಂಡರ್‌ನ ಜಾಝ್‌ಮಾಸ್ಟರ್ ಅಥವಾ ಜಾಗ್ವಾರ್ ಗಿಟಾರಿನ ಆರ್ಮ್ ಅನ್ನು ಅಂಗೈಯಲ್ಲಿ ಹಿಡಿದುಕೊಂಡೇ ಸ್ಟ್ರಮ್ ಮಾಡುವುದು. ಕೈ ಕೆಳಗೆ ಬಂದಾಗ ಆರ್ಮ್ ತುಸು ಒತ್ತುತ್ತದೆ, ಮೇಲೆ ಹೋದಾಗ ಬಿಡುತ್ತದೆ, ಇಡೀ ಕಾರ್ಡ್ ಶ್ರುತಿ ತಪ್ಪಿ ಮತ್ತೆ ಸೇರ್ತಾ ಇರ್ತದೆ. ವೀಣೆಯ ಗಮಕದಲ್ಲಿ ಒಂದು ತಂತಿ ಎಳೆಯುತ್ತೀರಿ, ಇಲ್ಲಿ ಆರೂ ಒಟ್ಟಿಗೆ ಜಾರುತ್ತವೆ. ಕೆಲವು ಹಾಡಿಗೆ ಯಮಾಹಾ ಎಸ್‌ಪಿಎಕ್ಸ್90ಯ ರಿವರ್ಸ್ ರಿವರ್ಬ್, ಅದೂ ಮೂಲ ಸದ್ದು ಸೊನ್ನೆ, ರಿವರ್ಬ್ ಪೂರ್ತಿ, ಗಿಟಾರ್‌ನ ಟೋನ್ ಗುಂಡಿ ಇಳಿಸಿ.

ಹೆಚ್ಚಿನವರು ಎಡವುವುದು ಎರಡು ಕಡೆ. ಆರ್ಮ್ ಅತಿಯಾಗಿ ಒತ್ತುತ್ತಾರೆ. ಕಾಲು ಸ್ವರಕ್ಕಿಂತ ಹೆಚ್ಚು ಇಳಿದರೆ ಅಮಲು ಹೋಗಿ ಹೊಟ್ಟೆ ತೊಳಸುತ್ತದೆ. ಇನ್ನೊಂದು ಗಿಟಾರಿನದೇ ದೋಷ. ಜಾಝ್‌ಮಾಸ್ಟರ್‌ನಲ್ಲಿ ಬ್ರಿಡ್ಜ್ ಹಿಂದೆ ತಂತಿ ಇಳಿಯುವ ಕೋನ ಬಹಳ ಕಡಿಮೆ, 9 ಗೇಜ್‌ನ ತೆಳು ತಂತಿ ಹಾಕಿ ಜೋರಾಗಿ ಸ್ಟ್ರಮ್ ಮಾಡಿದರೆ ಸ್ಯಾಡಲ್‌ನಿಂದ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ತಂತಿ ಹಾರುತ್ತದೆ. ದಪ್ಪದ 11ರ ಸೆಟ್ ಹಾಕಿ. ಕುತ್ತಿಗೆಯ ಬುಡಕ್ಕೆ ಅರ್ಧ ಮಿಲಿಮೀಟರ್ ದಪ್ಪದ ಶಿಮ್ (ತೆಳು ಪಟ್ಟಿ) ಇಟ್ಟು, ಆಮೇಲೆ ಬ್ರಿಡ್ಜ್ ಏರಿಸಿ, ಕೋನ ಹೆಚ್ಚುತ್ತದೆ. ಸ್ಯಾಡಲ್‌ನ ಸಣ್ಣ ಸ್ಕ್ರೂಗಳು ನಡುಕಕ್ಕೆ ತಾವೇ ಇಳಿಯುತ್ತವೆ, ಎತ್ತರ ಹೊಂದಿಸಿದ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಟ್ಟರೆ ನಿಲ್ತವೆ. ಆದರೆ ಬ್ರಿಡ್ಜ್ ಹಿಂದೆ ಮುಂದೆ ಅಲ್ಲಾಡುವುದನ್ನು ನಿಲ್ಲಿಸಲು ಹೋಗಬೇಡಿ. ಅದು ಕೆಟ್ಟದ್ದಲ್ಲ, ಅಲ್ಲಾಡಲೆಂದೇ ಮಾಡಿದ್ದು. ಬಿಗಿ ಮಾಡಿದರೆ ಆರ್ಮ್ ಬಿಟ್ಟಾಗ ತಂತಿ ಸ್ಯಾಡಲ್ ಮೇಲೆ ಉಜ್ಜಿ ಶ್ರುತಿ ವಾಪಸ್ ಬರುವುದಿಲ್ಲ.

ಮತ್ತೆ, 2012ರ ‘ಲವ್‌ಲೆಸ್’ ಸಿಡಿಯಲ್ಲಿ ಎರಡು ಡಿಸ್ಕ್ ಉಂಟು, ಒಂದು ಡಿಜಿಟಲ್ ಮಾಸ್ಟರ್‌ನಿಂದ, ಇನ್ನೊಂದು ಅರ್ಧ ಇಂಚಿನ ಅನಲಾಗ್ ಟೇಪ್‌ನಿಂದ. ಟೇಪ್‌ಡೆಕ್ಕು ಹೇಳಿದ ಹಾಗೆ ಜೋರು ಸಮ ಮಾಡಿ ಕೇಳಿ. ನನಗೆ ಟೇಪ್‌ನದ್ದೇ ಇಷ್ಟ.

ಕೋಣೆಮೈಕ್:
ಕಡಲಬದಿಯವರೇ, ನೀವು ಕೊಟ್ಟ ಏಟು ಸರಿಯಾಗೇ ಬಿತ್ತು. ಆದರೂ ಒಂದು ನೋಡಿ. ‘ಲವ್‌ಲೆಸ್’ನಲ್ಲಿ ಕಾಲಮ್ ನಿಜವಾಗಿ ಕೂತು ಬಾರಿಸಿದ ಹಾಡು ಎರಡೇ: ‘ಓನ್ಲಿ ಶ್ಯಾಲೋ’, ‘ಕಮ್ ಇನ್ ಅಲೋನ್’. ಇಡೀ ಆಲ್ಬಮ್ ತೆರೆಯೋದು ‘ಓನ್ಲಿ ಶ್ಯಾಲೋ’ದ ಆ ಸ್ನೇರ್ ಏಟುಗಳಿಂದ. ಲೂಪ್‌ನಲ್ಲಿ ಶುರು ಮಾಡಬಹುದಿತ್ತು, ಮಾಡಲಿಲ್ಲ.

ಲಯಗಾರ:
ಸ್ನೇರ್‌ನ ನಾದದ ಬಗ್ಗೆ ಇಷ್ಟು ಮಾತಾಡಿ ಸ್ನೇರ್ ಎಲ್ಲಿ ಬೀಳತ್ತೆ ಅಂತ ಯಾರೂ ಕೇಳಲಿಲ್ಲವಲ್ಲ. ಸೌಂಡ್‌ಗಾರ್ಡನ್ ಹೆಸರೇ ಬರಲಿಲ್ಲ! 1994ರ ಮಾರ್ಚ್‌ನ ‘ಸೂಪರ್‌ಅನ್‌ನೋನ್’ ಕೇಳುಗರಿಗೆ ಗೊತ್ತಾಗದ ಹಾಗೆ ತಾಳ ಬದಲಿಸೋ ಆಲ್ಬಮ್. ಆವರ್ತಕ್ಕೆ ‘ಸ್ಪೂನ್‌ಮ್ಯಾನ್’ ಏಳು ಎಣಿಕೆ, ‘ಫೆಲ್ ಆನ್ ಬ್ಲ್ಯಾಕ್ ಡೇಸ್’ ಆರು. ಹಿಂದಿನ ಆಲ್ಬಮ್‌ನ ‘ಔಟ್‌ಶೈನ್ಡ್’ ಕೂಡ ಏಳೇ. ಆದರೆ ಯಾರೂ ಎಡವಲ್ಲ, ಯಾಕಂದ್ರೆ ಡ್ರಮ್ಮರ್ ಮ್ಯಾಟ್ ಕ್ಯಾಮರನ್ ಲೆಕ್ಕ ತೋರಿಸ್ಕೊಳ್ಳಲ್ಲ.

ಕರ್ನಾಟಕ ಸಂಗೀತ ಗೊತ್ತಿರೋರಿಗೆ ಏಳು ಅಂದ ಕೂಡಲೇ ಮಿಶ್ರ ಛಾಪು ನೆನಪಾಗತ್ತೆ, ‘ತಕಿಟ ತಕಧಿಮಿ’ ಅಂತ ಶುರು ಮಾಡ್ತಾರೆ. ಅಲ್ಲೇ ಜಾರೋದು. ಛಾಪು 3+4. ‘ಔಟ್‌ಶೈನ್ಡ್’ ರಿಫ್ ನನ್ನ ಕಿವಿಗೆ 4+3. ‘ತಕಧಿಮಿ ತಕಿಟ’ ಅಂತ ಹೇಳಿ ನೋಡಿ, ಹೆಗಲ ಮೇಲಿನ ಭಾರ ಇಳಿದ ಹಾಗಾಗತ್ತೆ. ಎಣಿಕೆ ಸರಿ ಇದ್ದು ಒತ್ತು ತಪ್ಪಿದರೆ ಕೊನೆಗೆ ಸಮಕ್ಕೆ (ಆವರ್ತದ ಮೊದಲ ಏಟಿಗೆ) ಬರ್ತೀರಿ, ಆದರೆ ದಾರಿಯುದ್ದಕ್ಕೂ ಕುಂಟ್ತೀರಿ.

ರೇಡಿಯೋಹೆಡ್‌ನಲ್ಲಿ ‘15 ಸ್ಟೆಪ್’ ಐದು. ಖಂಡ ಛಾಪು ಹಾಕಿದರೆ ಕೈ ಓಡಿಬಿಡತ್ತೆ. ಖಂಡಜಾತಿ ಏಕ ಹಾಕಿ, ಒಂದು ಘಾತ, ನಾಲ್ಕು ಬೆರಳು, ಆರಾಮಾಗಿ ಕೂರತ್ತೆ. ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ ಹತ್ತು. ಚತುರಶ್ರಜಾತಿ ಮಠ್ಯ ಕೂಡ 4+2+4 ಹತ್ತೇ, ಆದರೆ ಅದರ ಅಂಗಗಳು ಹಾಡಿನ ಒತ್ತಿಗೆ ಹೊಂದಬೇಕು ಅಂತ ಹಟ ಬೇಡ, ಆವರ್ತ ಹಿಡಿಯೋಕೆ ಮಾತ್ರ. ‘ಮಾರ್ನಿಂಗ್ ಬೆಲ್’ ಒಂದು ಪಾಠವೇ ಸರಿ: 2000ದ ‘ಕಿಡ್ ಎ’ಯಲ್ಲಿ ಐದರಲ್ಲಿ, ಮುಂದಿನ ವರ್ಷದ ‘ಅಮ್ನೀಸಿಯಾಕ್’ನಲ್ಲಿ ನಾಲ್ಕರಲ್ಲಿ. ಒಂದೇ ಮಾತು, ಎರಡು ನಡಿಗೆ. ನೈನ್ ಇಂಚ್ ನೇಲ್ಸ್‌ನ ‘ಮಾರ್ಚ್ ಆಫ್ ದಿ ಪಿಗ್ಸ್’ ಇನ್ನೂ ಕಿಲಾಡಿ, ಮೂರು ಸಲ ಏಳು, ಒಂದು ಸಲ ಎಂಟು, ಒಟ್ಟು 29. ಆ ಎಂಟರ ಒಂದು ಹೆಚ್ಚುವರಿ ಅಕ್ಷರದಲ್ಲೇ ಉಸಿರು ತಗೋಬೇಕು.

‘ಕಿಡ್ ಎ’ಗೆ ನಿಮ್ಮ ಸ್ನೇರ್ ಅಳತೆ ಹೇಗೆ ಅಂತ ಕೇಳೋಣ ಅಂದ್ಕೊಂಡೆ. ಮೊದಲ ಹಾಡಲ್ಲಿ ಸ್ನೇರೇ ಇಲ್ಲ.

ಕೋಣೆಮೈಕ್:
ಇಲ್ಲದಿರೋದೂ ಒಂದು ಉತ್ತರ. ‘ಓಕೆ ಕಂಪ್ಯೂಟರ್’ನ ಮೊದಲ ಹಾಡು ‘ಏರ್‌ಬ್ಯಾಗ್’ನಲ್ಲಿ ರೇಡಿಯೋಹೆಡ್ ಡ್ರಮ್ಮರ್ ಫಿಲ್ ಸೆಲ್ವೇ ಬಾರಿಸಿದ್ದನ್ನೇ ಸ್ಯಾಂಪ್ಲರ್‌ಗೆ ಹಾಕಿ ತುಂಡರಿಸಿ ಜೋಡಿಸಿದ್ರು. ಮೂರು ವರ್ಷ ಆದ ಮೇಲೆ ಡ್ರಮ್ಮನ್ನೇ ಎದ್ದು ಹೊರಗೆ ಕಳಿಸಿದ್ರು. ಅಳತೆಗೋಲು ಮುರೀಲಿಲ್ಲ, ಸೊನ್ನೆ ತೋರಿಸ್ತು ಅಷ್ಟೇ. (ಹೌದು, ಸ್ವಲ್ಪ ನುಣುಚಿಕೊಳ್ತಿದ್ದೀನಿ.)

ಪೇಡಾನಗರಿ:
ತಾಳದ ಲೆಕ್ಕ ಓದಿ ತಲಿ ಗಿರ್ ಅಂತು, ಆದ್ರೂ ಛಲೋ ಬರದೀರಿ. ನಂದು ಸಣ್ಣ ಪ್ರಶ್ನೆ. ‘ಕಮ್ ಆಸ್ ಯು ಆರ್’ ರಿಫ್ ಸಾದಾ ಶ್ರುತಿಯೊಳಗ ಬಾರ್ಸಿದ್ರ ರೆಕಾರ್ಡಿಗೆ ಹೊಂದಂಗಿಲ್ಲ, ತಂತಿ ಸಡಿಲ ಮಾಡಿದ್ರ ಝರ್ ಝರ್ ಅಂತೈತಿ. ಏನ್ ಮಾಡ್ಬೇಕ್ರೀ?

ಫಝ್‌ಪೆಟ್ಟಿಗೆ:
ಅದು ಪೂರ್ತಿ ಒಂದು ಸ್ವರ ಇಳಿಸಿದ್ದು ಸಾರ್. ದಪ್ಪ ತಂತಿಯಿಂದ ತೆಳುವಿಗೆ ಡಿ, ಜಿ, ಸಿ, ಎಫ್, ಎ, ಡಿ. ಝರ್ ಅನ್ನೋದು 9 ಗೇಜ್ ಸೆಟ್ ಇರೋದ್ರಿಂದ: ಬಿಗಿ ಕಡಿಮೆ ಆದಾಗ ತಂತಿ ಅಗಲವಾಗಿ ಅಲುಗಿ ಫ್ರೆಟ್‌ಗೆ ತಾಗತ್ತೆ. 11–49 ಅಥವಾ 11–52 ಹಾಕಿ. ಹೊಸ ಸೆಟ್ ಹಾಕಿ ಒಂದು ದಿನ ಬಿಟ್ಟು ಕುತ್ತಿಗೆಯ ಬಾಗು ನೋಡಿ. ಮೊದಲ ಫ್ರೆಟ್ ಮತ್ತು ಕುತ್ತಿಗೆ ಮುಗಿಯೋ ಫ್ರೆಟ್ ಎರಡೂ ಒತ್ತಿ ಹಿಡಿದಾಗ ಏಳನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ಕಾಲು ಸುತ್ತು ಸಡಿಲಿಸಿ, ಒಂದೇ ಸಲ ಅರ್ಧ ಸುತ್ತು ತಿರುಗಿಸಬೇಡಿ. ಕೊನೆಗೆ 12ನೇ ಫ್ರೆಟ್‌ನ ಸ್ವರ ಟ್ಯೂನರ್‌ನಲ್ಲಿ ನೋಡಿ ಸ್ಯಾಡಲ್ ಹಿಂದೆ ಮುಂದೆ ಸರಿಸಿ. ಫ್ಲಾಯ್ಡ್ ರೋಸ್ (ಸ್ಪ್ರಿಂಗ್ ಬಲದಲ್ಲಿ ತೇಲೋ ಬ್ರಿಡ್ಜ್) ಇರೋ ಗಿಟಾರ್ ಆದ್ರೆ ಈ ಹಾಡಿಗೆ ಇನ್ನೊಂದು ಗಿಟಾರ್ ಹುಡುಕೋದೇ ವಾಸಿ. ತಂತಿಯ ಎಳೆತ ಇಳಿದ ತಕ್ಷಣ ಹಿಂದಿನ ಸ್ಪ್ರಿಂಗ್ ಬ್ರಿಡ್ಜನ್ನ ಒಳಕ್ಕೆ ಎಳೆಯತ್ತೆ, ಒಂದು ತಂತಿ ಸರಿ ಮಾಡಿದ್ರೆ ಐದು ಕೆಡತ್ತೆ.

ಆ ನೀರಿನೊಳಗಿನ ಸದ್ದು ಸ್ಮಾಲ್ ಕ್ಲೋನ್ ಕೋರಸ್ ಪೆಡಲ್‌ನದು. ಅದರಲ್ಲಿರೋದು ಒಂದು ರೇಟ್ ಗುಂಡಿ, ಒಂದು ಡೆಪ್ತ್ ಸ್ವಿಚ್. ಸ್ವಿಚ್ ಮೇಲೆ, ರೇಟ್ ಕಾಲುಭಾಗದಿಂದ ಮೂರನೇ ಒಂದು ಭಾಗ.

‘ಟೀನ್ ಸ್ಪಿರಿಟ್’ ಸಾದಾ ಶ್ರುತಿಯೇ. ‘ಹಾರ್ಟ್-ಶೇಪ್ಡ್ ಬಾಕ್ಸ್’ ಎಲ್ಲ ಅರ್ಧ ಸ್ವರ ಇಳಿಸಿ, ಆರನೇ ತಂತಿ ಮಾತ್ರ ಇನ್ನೊಂದು ಸ್ವರ ಇಳಿಸಬೇಕು. ‘ಸಮ್‌ಥಿಂಗ್ ಇನ್ ದಿ ವೇ’ಗೆ ಟ್ಯೂನರ್ ಮುಟ್ಟಲೇಬೇಡಿ. ಶ್ರುತಿ ಹತ್ತದ ಹಳೇ ಅಕೌಸ್ಟಿಕ್, ಐದೇ ತಂತಿ, ಕಂಟ್ರೋಲ್ ರೂಮಿನ ಸೋಫಾ ಮೇಲೆ ಮಲಗಿ ಹಾಡಿದ್ದು. ಬೇಸ್, ಚೆಲ್ಲೋ ಎಲ್ಲ ಆಮೇಲೆ ಆ ಗಿಟಾರ್‌ನ ಶ್ರುತಿಗೇ ಹೊಂದ್ಕೊಂಡು ಬಂದವು. ರೆಕಾರ್ಡ್ ಹಾಕ್ಕೊಂಡು ಕಿವಿಯಲ್ಲೇ ಹೊಂದಿಸಿ.

ಲಯಗಾರ:
ಕೋಣೆಮೈಕ್ ಅವರೇ, ದೊಡ್ಡ ಕೋಣೆಯ ಪುರಾಣ ಆಯ್ತು. ಬೆಂಗಳೂರಿನ ಜ್ಯಾಮ್ ರೂಮ್ ಅಂದ್ರೆ 10×12 ಅಡಿ, ಗೋಡೆಗೆಲ್ಲ ಫೋಮ್. ಅಲ್ಲಿ ‘ಇನ್ ಯುಟೆರೊ’ ಸದ್ದು ಬರತ್ತಾ?

ಕೋಣೆಮೈಕ್:
ಅದೇ ಸದ್ದು ಬರಲ್ಲ, ಆದರೆ ಅರ್ಧ ದಾರಿ ಹೋಗಬಹುದು.

ನಾಲ್ಕು ಮೈಕ್ ಸಾಕು. ಒಂದು ಕಿಕ್‌ಗೆ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್), ಒಂದು ಸ್ನೇರ್‌ಗೆ. ಮೂರನೇದು ಸ್ನೇರ್ ನೆತ್ತಿಯ ಮೇಲೆ 40 ಇಂಚು ಎತ್ತರಕ್ಕೆ. ನಾಲ್ಕನೇದು ಫ್ಲೋರ್ ಟಾಮ್ ಪಕ್ಕದಿಂದ ಸ್ನೇರ್ ಕಡೆ ನೋಡೋ ಹಾಗೆ, ಸ್ನೇರ್‌ನಿಂದ ಸರಿಯಾಗಿ ಅದೇ 40 ಇಂಚು. ದೂರವನ್ನ ಕಣ್ಣಳತೆಯಲ್ಲಿ ಇಡಬೇಡಿ, ಸ್ನೇರ್ ನಡುವಿಗೆ ದಾರ ಹಿಡಿದು ಎರಡೂ ಮೈಕ್‌ಗೆ ಅದೇ ದಾರದಲ್ಲಿ ಅಳೆಯಿರಿ. ಎರಡು ಇಂಚು ಹೆಚ್ಚುಕಮ್ಮಿ ಆದ್ರೂ ಸ್ನೇರ್ ಒಂದು ಕಡೆಗೆ ವಾಲತ್ತೆ, ಎರಡೂ ಸೇರಿದಾಗ ತೆಳ್ಳಗಾಗತ್ತೆ. ಚಾವಣಿ ಕೆಳಗಿದ್ದರೆ ಮೇಲಿನ ಮೈಕ್ ನೇರ ಮೇಲಿರೋ ಜಾಗಕ್ಕೆ ಮಾತ್ರ ದಪ್ಪ ಹತ್ತಿ ಹಾಸಿಗೆ ಕಟ್ಟಿ. ಒಂದಿಂಚು ಫೋಮ್ ಸಿಂಬಲ್‌ನ ಹೊಳಪನ್ನ ಮಾತ್ರ ತಿನ್ನತ್ತೆ, ಕೆಳಗಿನ ಗುಂಯ್ ಹಾಗೇ ಉಳಿಸತ್ತೆ. ಅದಕ್ಕೇ ಜ್ಯಾಮ್ ರೂಮ್ ಡ್ರಮ್ ಯಾವಾಗಲೂ ರಟ್ಟಿನ ಡಬ್ಬ ಬಡಿದ ಹಾಗೆ.

ಇನ್ನು ದೊಡ್ಡ ಕೋಣೆಯ ಭ್ರಮೆ. ಐದನೇ ಮೈಕ್ ಇದ್ದರೆ ಬಾಗಿಲು ತೆರೆದು ಹೊರಗಿನ ಮೆಟ್ಟಿಲ ಹತ್ತಿರ ನೆಲದ ಮೇಲೆ ಮಲಗಿಸಿ. ಟೈಲ್ಸ್ ನೆಲ, ಬರಿಗೋಡೆ, ಅದಕ್ಕಿಂತ ಒಳ್ಳೇ ರಿವರ್ಬ್ ದುಡ್ಡಿಗೆ ಸಿಗಲ್ಲ. ‘ಸರ್ಫರ್ ರೋಸಾ’ದಲ್ಲಿ ಪಿಕ್ಸೀಸ್‌ನ ಕಿಮ್ ಡೀಲ್ ದನಿಗೆ ಸ್ಟುಡಿಯೋ ಬಾತ್‌ರೂಮನ್ನೇ ಬಳಸಿದ್ದು. ಮೆಟ್ಟಿಲಿನ ಟ್ರ್ಯಾಕನ್ನ 20 ಮಿಲಿಸೆಕೆಂಡ್ ತಡ ಮಾಡಿ, ಆಲ್ಬಿನಿ ಕೋಣೆಯ ಮೈಕ್‌ಗಳಿಗೆ ಮಾಡ್ತಿದ್ದ ಕೆಲಸ ಇದು. ಸದ್ದು ಒಂದು ಅಡಿ ಹೋಗೋಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು, ಅಂದ್ರೆ ಆ ಮೈಕನ್ನ ಇನ್ನೂ ಇಪ್ಪತ್ತು ಅಡಿ ಹಿಂದಕ್ಕೆ ತಳ್ಳಿದ ಹಾಗೆ. 30 ದಾಟಿಸಿದ್ರೆ ಸ್ನೇರ್ ಎರಡು ಸಲ ಬಿದ್ದ ಹಾಗೆ ಕೇಳೋಕೆ ಶುರುವಾಗತ್ತೆ.

ಟೇಪ್‌ಡೆಕ್ಕು:
ಒಂದು ಸೇರಿಸ್ತೀನಿ. ತಡ ಕೊಡೋ ಮೊದಲು ಪ್ರತಿ ಮೈಕ್‌ನ ಪೋಲಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ ನೋಡಿ, ಸ್ನೇರ್ ಮೈಕ್ ಜೊತೆ ಒಂದೊಂದನ್ನೇ ಸೇರಿಸುತ್ತಾ. ಯಾವ ಸ್ಥಿತಿಯಲ್ಲಿ ಕೆಳಗಿನ ತೂಕ ಹೆಚ್ಚೋ ಅದೇ ಸರಿ. ಮೆಟ್ಟಿಲ ಮೈಕ್‌ಗೆ ಹೈ-ಹ್ಯಾಟ್ ಜಾಸ್ತಿ ಬರ್ತಿದ್ರೆ ಈಕ್ಯೂ ಮುಟ್ಟೋಕೆ ಮುಂಚೆ ಬಾಗಿಲನ್ನ ಅರ್ಧ ಮುಚ್ಚಿ.

ಲಯಗಾರ:
ಮತ್ತೆ ಕೆಳಗಿನ ಮನೆಯವರು?

ಕೋಣೆಮೈಕ್:
ಮೆಟ್ಟಿಲ ಟೇಕ್‌ಗಳನ್ನ ಮಧ್ಯಾಹ್ನ ಹನ್ನೊಂದರಿಂದ ಒಂದರೊಳಗೆ ಮುಗಿಸಿ. ಕಿಕ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೈವುಡ್. ಪ್ಲೈವುಡ್ ಗೋಡೆಗೆ ತಾಗದ ಹಾಗೆ ಸುತ್ತ ಒಂದಿಂಚು ಬಿಡಿ, ತಾಗಿದ್ರೆ ಮ್ಯಾಟ್ ಹಾಕಿದ್ದೂ ದಂಡ.